ರಾತ್ರಿ ಒಂಬತ್ತರ ಪುಸ್ತಕ: ಮಗಳಿಗೆ ಓದಿ ಹೇಳಲು ಮನೆಯನ್ನೇ ಹೊಂದಿಸಿಕೊಂಡ ಅನುಭವ

ಮಗಳಿಗೆ ಮೂರು ವರ್ಷ ತುಂಬಿದ ಮೇಲೆ ರಾತ್ರಿ ಪುಸ್ತಕ ಓದಿ ಹೇಳಿ ಮಲಗಿಸುವ ರೂಢಿ ಶುರು ಮಾಡಿದೆವು. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಈಗ ಅದು ಒಂದು ಹದಕ್ಕೆ ಬಂದಿದೆ. ವಿಷಯ ತಿಳಿದವರು, "ಅದರಲ್ಲೇನಿದೆ, ಪುಸ್ತಕ ತೆಗೆದು ಓದಿದರಾಯಿತಲ್ಲ" ಎನ್ನುತ್ತಾರೆ. ಓದುವುದೇನೋ ಕಾಲು ಗಂಟೆಯ ಕೆಲಸವೇ. ಆದರೆ ಆ ಕಾಲು ಗಂಟೆಗೆ ಜಾಗ ಮಾಡಿಕೊಡಲು ಊಟದ ಹೊತ್ತು, ಕೋಣೆಯ ದೀಪ, ನನ್ನ ರೈಲು, ಅಮ್ಮನ ಧಾರಾವಾಹಿ ಎಲ್ಲವನ್ನೂ ಒಂದೊಂದಾಗಿ ಕದಲಿಸಬೇಕಾಯಿತು. ಮಗು ಬೇಗ ಒಗ್ಗಿಕೊಂಡಿತು. ತಿಂಗಳುಗಟ್ಟಲೆ ಹಿಡಿದದ್ದು ದೊಡ್ಡವರಿಗೆ. ಹೊಸದಾಗಿ ಶುರು ಮಾಡುವವರಿಗೆ ನಮ್ಮ ತಿಣುಕಾಟವಾದರೂ ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನಲ್ಲಿ, ಬಾಡಿಗೆ ಮನೆ. ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ. ಹಾಲ್‌ಗೂ ಕೋಣೆಗೂ ನಡುವೆ ಬಾಗಿಲಿದೆ, ಆದರೆ ಆಗ ಅದರ ಚೌಕಟ್ಟು ಉಬ್ಬಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಈ ಬಾಗಿಲಿನ ಸಂಗತಿ ಮುಂದೆ ಬರುತ್ತದೆ. ನನ್ನ ಕೆಲಸ ಬೆಂಗಳೂರಿನಲ್ಲಿ. ಮಾಸಿಕ ಪಾಸು ಮಾಡಿಸಿಕೊಂಡು ದಿನವೂ ರೈಲಿನಲ್ಲಿ ಓಡಾಡುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಹೆಂಡತಿ ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹಗಲು ಮಗುವನ್ನು ನೋಡಿಕೊಳ್ಳುವುದು ನನ್ನ ಅಮ್ಮ.

ಈ ರೂಢಿಗೆ ಮುಂಚೆ ಮಗಳು ಮಲಗುತ್ತಿದ್ದದ್ದು ಮೊಬೈಲ್ ನೋಡುತ್ತ. ಕುಣಿಯುವ ಆನೆ, ಹಾಡುವ ಬಸ್ಸು, ಒಂದು ಮುಗಿಯುವ ಮೊದಲೇ ಇನ್ನೊಂದು. ಹತ್ತೂವರೆ ಆಗುತ್ತಿತ್ತು, ಹನ್ನೊಂದಾಗುತ್ತಿತ್ತು. ಜೂನ್‌ನಲ್ಲಿ ಶಿಶುವಿಹಾರಕ್ಕೆ ಸೇರಿಸಿದಾಗ ಬೆಳಿಗ್ಗೆ ಏಳಿಸುವುದೇ ಒಂದು ಯುದ್ಧವಾಯಿತು. ಕೆಮ್ಮಿಗೆಂದು ಮಕ್ಕಳ ವೈದ್ಯರ ಬಳಿ ಹೋದಾಗ ಅವರು ಕೆಮ್ಮನ್ನು ಬಿಟ್ಟು ನಿದ್ದೆಯ ಲೆಕ್ಕ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಕೂತು ಪರದೆ ನೋಡುವ ಹೊತ್ತು 1 ಗಂಟೆ ಮೀರಬಾರದು. ಮಗು ಕೂತಿರುವ ಹೊತ್ತಿನಲ್ಲಿ ದೊಡ್ಡವರು ಓದಿ ಹೇಳಲಿ, ಕಥೆ ಹೇಳಲಿ ಎಂಬ ಮಾತೂ ಅದರಲ್ಲೇ ಇದೆ.

ಮನೆಗೆ ಬಂದು ಹಿಂದುಮುಂದಾಗಿ ಲೆಕ್ಕ ಹಾಕಿದೆವು. ಬೆಳಿಗ್ಗೆ ಏಳಕ್ಕೆ ಏಳಬೇಕು, ಮಧ್ಯಾಹ್ನ ಒಂದು ಗಂಟೆ ನಿದ್ದೆ, ಹಾಗಾದರೆ ರಾತ್ರಿ ಒಂಬತ್ತೂವರೆಗೆ ಕಣ್ಣು ಮುಚ್ಚಿರಬೇಕು. ಅಂದರೆ ಒಂಬತ್ತಕ್ಕೆ ಹಾಸಿಗೆ, ಎಂಟಕ್ಕೆ ಊಟ. ನಮ್ಮ ಮನೆಯಲ್ಲಿ ಆಗ ಊಟಕ್ಕೆ ಕೂರುತ್ತಿದ್ದದ್ದೇ ಒಂಬತ್ತೂಕಾಲಿಗೆ. ನೀವು ಶುರು ಮಾಡುವುದಾದರೆ ಪುಸ್ತಕ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ. ಪುಸ್ತಕ ಯಾವಾಗ ಬೇಕಾದರೂ ಸಿಗುತ್ತದೆ, ಒಂಬತ್ತು ಗಂಟೆ ಸಿಗುವುದು ಕಷ್ಟ.

ಮೊದಲು ಚಾರ್ಜರನ್ನು ಕೋಣೆಯಿಂದ ಹಾಲ್‌ಗೆ ಸಾಗಿಸಿದೆವು. ರಾತ್ರಿ ಎಂಟರ ಮೇಲೆ ಎಲ್ಲರ ಮೊಬೈಲೂ ಟಿ.ವಿ. ಪಕ್ಕದ ಪ್ಲಗ್‌ನಲ್ಲಿ. ದೊಡ್ಡವರ ಮೊಬೈಲ್ ಕೋಣೆಯಲ್ಲಿದ್ದರೆ ಮಗುವಿಗೆ "ಇಲ್ಲ" ಎನ್ನುವ ಮಾತಿಗೆ ಬೆಲೆಯಿಲ್ಲ. ಅಲಾರಾಂ ಬೇಕಲ್ಲ ಎಂಬ ನೆಪ ಉಳಿಯಿತು. ಅದಕ್ಕೆ ಎಂ.ಜಿ. ರಸ್ತೆಯ ಗಡಿಯಾರದ ಅಂಗಡಿಯಿಂದ ಒಂದು ಮೇಜಿನ ಗಡಿಯಾರ ತಂದದ್ದಾಯಿತು.

ಅಳು ಇತ್ತು, ಸುಳ್ಳು ಹೇಳುವುದಿಲ್ಲ. ಮೊದಲ ಕೆಲವು ರಾತ್ರಿ ಮೊಬೈಲ್ ಕೊಡಿ ಎಂದು ಹೊರಳಾಡಿ ಅತ್ತಳು. ಅಮ್ಮ ಬಾಗಿಲಲ್ಲಿ ನಿಂತು, "ಗಂಟಲು ಕಟ್ಟಿಹೋಗುತ್ತದೆ ಕಣೋ, ಐದು ನಿಮಿಷ ಕೊಟ್ಟುಬಿಡು" ಎಂದರು. ಪಕ್ಕದ ಮನೆಯವರು ಮಾರನೆಯ ದಿನ, "ಪಾಪುವಿಗೆ ಹುಷಾರಿಲ್ಲವೇ?" ಎಂದು ವಿಚಾರಿಸಿಕೊಂಡರು. ನಮ್ಮನ್ನು ಉಳಿಸಿದ್ದು ಹೆಂಡತಿಯ ಒಂದು ಜಾಣತನ. ಮೊಬೈಲ್ ನಿಲ್ಲಿಸುವ ಮುಂಚೆಯೇ ಒಂದೆರಡು ವಾರ ಸಂಜೆಯ ಹೊತ್ತು ಪುಸ್ತಕ ತೋರಿಸಿ, ಅದರಲ್ಲಿನ ಬೆಕ್ಕು ನಾಯಿಗಳ ಪರಿಚಯ ಮಾಡಿಸಿಟ್ಟಿದ್ದಳು. ಹಾಗಾಗಿ ಪುಸ್ತಕ ಮೊಬೈಲನ್ನು ಕಿತ್ತುಕೊಂಡ ವೈರಿಯಾಗಿ ಬರಲಿಲ್ಲ, ಮೊದಲೇ ಗೊತ್ತಿದ್ದ ನೆಂಟನಾಗಿ ಬಂತು. ಎರಡನ್ನೂ ಒಂದೇ ರಾತ್ರಿ ಮಾಡಬೇಡಿ.

ಪುಸ್ತಕ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಊರಿನ ಅಂಗಡಿಗಳಲ್ಲಿ ಮೂರು ವರ್ಷದ ಮಗುವಿಗೆ ಕನ್ನಡದಲ್ಲಿ ಏನಿದೆ ಎಂದು ಕೇಳಿದರೆ ಕಾಗುಣಿತದ ಪಟ್ಟಿ, ತಿದ್ದುವ ಪುಸ್ತಕ, ಇಲ್ಲವೇ ಪುಟದ ತುಂಬ ಇರುವೆ ಸಾಲಿನಂಥ ಅಕ್ಷರದ ನೀತಿಕಥೆಗಳು. ಕೊನೆಯಲ್ಲಿ ದಪ್ಪಕ್ಷರದಲ್ಲಿ ನೀತಿ. ಮಗಳಿಗೆ ಬೇಕಾದದ್ದು ಪುಟಕ್ಕೊಂದು ದೊಡ್ಡ ಚಿತ್ರ, ಒಂದೆರಡು ಸಾಲು ಮಾತು. ಅಂಥವು ಇವೆ, ಆದರೆ ಎಲ್ಲಿ ಕೇಳಬೇಕೆಂದು ಗೊತ್ತಿರಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ತೆಳುವಾದ, ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತರುತ್ತದೆ. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳನ್ನು ಮಾಡುತ್ತದೆ. 1957ರಿಂದ ಇರುವ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಹಳೆಯ ಕಾಲದ ಸೊಗಸಾದ ಚಿತ್ರಗಳಿವೆ. ನವಕರ್ನಾಟಕದವರದೂ ಮಕ್ಕಳ ಪುಸ್ತಕಗಳಿವೆ. ನನಗಿದ್ದ ಅನುಕೂಲವೆಂದರೆ ಬೆಂಗಳೂರು ರೈಲು ನಿಲ್ದಾಣದಿಂದ ಗಾಂಧಿನಗರದ ಪುಸ್ತಕದಂಗಡಿಗಳು ನಡೆದು ಹೋಗುವಷ್ಟು ಹತ್ತಿರ. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ, ಮಕ್ಕಳ ವಿಭಾಗದ ಕೆಳಗಿನ ಸಾಲಿನ ಮುಂದೆ ಮಂಡಿಯೂರಿ ಕೂತು ಆರಿಸುತ್ತಿದ್ದೆ. ಕನ್ನಡದ ಚಿತ್ರಪುಸ್ತಕಗಳು ಯಾಕೋ ಯಾವಾಗಲೂ ಕೆಳಗಿನ ಸಾಲಿನಲ್ಲೇ ಇರುತ್ತವೆ.

ಖರ್ಚಿನ ಮಾತು. ತೆಳು ಪುಸ್ತಕಗಳು ಐವತ್ತು ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕವು, ದ್ವಿಭಾಷಾ ಪುಸ್ತಕಗಳು ಅದರ ಮೂರು ನಾಲ್ಕು ಪಟ್ಟು. ಆನ್‌ಲೈನ್‌ನಲ್ಲಿ ತರಿಸಿದರೆ ಒಂದೇ ಪುಸ್ತಕಕ್ಕೆ ಅಂಚೆ ವೆಚ್ಚವೇ ಪುಸ್ತಕದ ಬೆಲೆಯಷ್ಟಾಗುತ್ತದೆ, ಆದ್ದರಿಂದ ಹತ್ತಾದರೂ ಸೇರಿಸಿ ತರಿಸಿ. ನಾವು ಹಾಗೆ ತರಿಸಿದ ಮೊದಲ ಕಟ್ಟು ಬರುವುದಕ್ಕೆ ಎರಡು ವಾರಕ್ಕಿಂತ ಹೆಚ್ಚು ಹಿಡಿಯಿತು. ಬಂದದ್ದರಲ್ಲಿ ಎರಡು ಪುಸ್ತಕ ನಾವು ಕೇಳಿದ್ದ ಕನ್ನಡದ ಬದಲು ತೆಲುಗಿನವು. ವಾಪಸು ಕಳಿಸುವ ರಗಳೆ ಬೇಡವೆಂದು ಇಟ್ಟುಕೊಂಡೆವು. ಮಗಳಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕನ್ನಡದ ಹಾಗೇ ಕಾಣುವ ಆ ಅಕ್ಷರಗಳನ್ನು ನಾನು ತಡವರಿಸಿ ಓದಲು ನೋಡಿದೆ, ಆಗದೆ ಚಿತ್ರ ನೋಡಿ ಕಥೆ ಕಟ್ಟಿದೆ. ಹೆಂಡತಿ ಅದೇ ಪುಸ್ತಕಕ್ಕೆ ಬೇರೆ ಕಥೆ ಕಟ್ಟಿದಳು. "ಅಮ್ಮನ ಪುಸ್ತಕದಲ್ಲಿ ಮೇಕೆ ಓಡಿಹೋಗುತ್ತದೆ" ಎಂದು ಮಗಳು ನನಗೆ ಹೇಳಿದ್ದು ಅದೇ ಪುಸ್ತಕದ ಬಗ್ಗೆ.

ಸ್ಟೇಪ್ಲರ್ ಪಿನ್ನಿನ ತೆಳು ಪುಸ್ತಕಗಳು ಮಗುವಿನ ಕೈಯಲ್ಲಿ ಬಾಳುವುದಿಲ್ಲ. ನಡು ಹಾಳೆ ಮೊದಲು ಕಳಚುತ್ತದೆ. ತಂದ ದಿನವೇ ಬೆನ್ನಿಗೆ ಅಗಲವಾದ ಪಾರದರ್ಶಕ ಟೇಪು ಅಂಟಿಸಿ, ಪಿನ್ನಿನ ಚೂಪು ಒಳಗೆ ಮಡಚಿ, ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿದರೆ ಆಯುಸ್ಸು ಹೆಚ್ಚುತ್ತದೆ.

ಕೊಂಡು ಪೂರೈಸುವುದಿಲ್ಲ ಎನ್ನಿಸಿದಾಗ ಗ್ರಂಥಾಲಯದ ನೆನಪಾಯಿತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಊರಿನವರು ಕಟ್ಟುತ್ತಾರೆ. ಮನೆ ಮಾಲೀಕರು ಕಟ್ಟುತ್ತಾರೆ, ನಾವು ಬಾಡಿಗೆಯಲ್ಲಿ ಕಟ್ಟುತ್ತೇವೆ, ಅಂತೂ ಕಟ್ಟಿದ್ದಾಗಿದೆ. ಹೀಗೆಂದುಕೊಂಡು ಹತ್ತಿರದ ಶಾಖೆಗೆ ಹೋದೆ. ಅರ್ಜಿ ನಮೂನೆ, ಎರಡು ಭಾವಚಿತ್ರ, ಆಧಾರ್ ಪ್ರತಿ, ಈಗಿನ ವಿಳಾಸದ ದಾಖಲೆ, ಜೊತೆಗೆ ಸದಸ್ಯತ್ವ ಬಿಟ್ಟಾಗ ಮರಳಿಸುವ ಠೇವಣಿ. ಸಿಕ್ಕಿಹಾಕಿಕೊಂಡದ್ದು ವಿಳಾಸದಲ್ಲಿ. ನನ್ನ ಆಧಾರ್‌ನಲ್ಲಿರುವುದು ತುರುವೇಕೆರೆ ತಾಲ್ಲೂಕಿನ ನಮ್ಮ ಊರಿನ ವಿಳಾಸ. ವಿದ್ಯುತ್ ಬಿಲ್ಲು ಮಾಲೀಕರ ಹೆಸರಿನಲ್ಲಿದೆ. ಬಾಡಿಗೆ ಕರಾರು ಪತ್ರದ ಹನ್ನೊಂದು ತಿಂಗಳು ಮುಗಿದು ಹೋಗಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಹೆಂಡತಿಯ ಹೆಸರಿನಲ್ಲಿದ್ದ ಅಡುಗೆ ಅನಿಲದ ಪುಸ್ತಿಕೆ. ಹಾಗಾಗಿ ಸದಸ್ಯತ್ವವೂ ಅವಳ ಹೆಸರಿನಲ್ಲೇ ಆಯಿತು. ಬಾಡಿಗೆ ಮನೆಯವರು ಹೊರಡುವ ಮುಂಚೆಯೇ ಯಾವ ದಾಖಲೆಯಲ್ಲಿ ಈಗಿನ ವಿಳಾಸ ಇದೆ, ಅದು ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ಮೂಲ ಪ್ರತಿಯನ್ನೂ ಒಯ್ಯಿರಿ.

ಕಾರ್ಡು ಕೈಗೆ ಬಂದ ಮೇಲೆ ಇನ್ನೊಂದು ತಡೆ. ಮಕ್ಕಳ ಪುಸ್ತಕಗಳಿದ್ದ ಉಕ್ಕಿನ ಬೀರುವಿಗೆ ಬೀಗ. ಕೀಲಿ ಇದ್ದ ಸಿಬ್ಬಂದಿ ರಜೆಯಲ್ಲಿ. ಎರಡು ವಾರ ಬರಿಗೈಯಲ್ಲಿ ವಾಪಸಾದೆ. ಬೀಗ ತೆಗೆದಾಗ ಒಳಗಿದ್ದ ಪುಸ್ತಕಗಳು ಹೊಸದರಂತೆಯೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಅಲ್ಲಿದ್ದ ಹಿರಿಯ ಸಹಾಯಕರು ನನ್ನ ಮುಖ ನೋಡಿ, "ಮಕ್ಕಳು ಬಂದರೆ ತಾನೇ ಸ್ವಾಮಿ ತೆಗೆಯುವುದು?" ಎಂದರು. ಬೀಗ ಹಾಕಿದ್ದರೆ ಮಕ್ಕಳು ಯಾಕೆ ಬರುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆದರೆ ಮುಂದಿನ ಸಲದಿಂದ ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳು ಬೀರುವಿನ ಮುಂದೆ ಕೂತು ಪುಸ್ತಕಗಳನ್ನು ನೆಲದ ಮೇಲೆ ಹರಡುವುದನ್ನು ನೋಡಿ ಅವರೇ ಒಂದು ಚಾಪೆ ತಂದು ಹಾಸಿದರು. ಈಗ ಅದು ಅಲ್ಲೇ ಇರುತ್ತದೆ. ಹಳ್ಳಿಯಲ್ಲಿರುವವರಿಗೆ ಒಂದು ಮಾತು: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಆರು ವರ್ಷ ಮೇಲ್ಪಟ್ಟ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದರ ಕಾರ್ಡಿನಲ್ಲಿ ಚಿಕ್ಕದಕ್ಕೂ ಪುಸ್ತಕ ಬರುತ್ತದೆ. ನಮ್ಮ ಊರಿನಲ್ಲಿ ಅಕ್ಕನ ಮಗ ಹೀಗೆಯೇ ತಂಗಿಗೆ ತಂದುಕೊಡುತ್ತಾನೆ.

ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಬಿಟ್ಟಿಯಾಗಿ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ಹಂತದವು ಮೂರು ವರ್ಷಕ್ಕೆ ಸರಿ. ಮುಕ್ತ ಪರವಾನಗಿಯವು, ಆದ್ದರಿಂದ ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಮುದ್ರಣಕ್ಕೆ ಪುಟಕ್ಕೆ ಹತ್ತು ರೂಪಾಯಿ ಕೇಳಿದರು. ಹದಿನಾರು ಪುಟದ ಕಥೆಗೆ ನೂರ ಅರವತ್ತು. ಅದರ ಬದಲು ಮೂರು ಪುಸ್ತಕ ಬರುತ್ತವೆ. ಮೊಬೈಲ್‌ನಲ್ಲೇ ತೋರಿಸೋಣವೆಂದರೆ ಅದನ್ನು ಹಾಲ್‌ಗೆ ಗಡೀಪಾರು ಮಾಡಿಯಾಗಿದೆ. ನಾವು ಕಂಡುಕೊಂಡ ದಾರಿಯೆಂದರೆ ರೈಲಿನಲ್ಲಿ ಬರುವಾಗ ನಾನು ಕಥೆ ಓದಿಕೊಂಡು, ರಾತ್ರಿ ಕತ್ತಲಲ್ಲಿ ಬಾಯಿಮಾತಿನಲ್ಲಿ ಹೇಳುವುದು. ಎದುರು ಸೀಟಿನಲ್ಲಿ ಕೂರುವ ಸಹಪ್ರಯಾಣಿಕರೊಬ್ಬರು ನಾನು ಮೊಬೈಲ್‌ನಲ್ಲಿ ಮೊಲದ ಚಿತ್ರ ದೊಡ್ಡದು ಮಾಡಿ ನೋಡುವುದನ್ನು ಕಂಡು ಏನೆಂದುಕೊಂಡರೋ, ಈಗ ಅವರೂ ಮೊಮ್ಮಗನಿಗೆಂದು ಕಥೆ ಕೇಳಿ ತಿಳಿದುಕೊಂಡು ಇಳಿಯುತ್ತಾರೆ.

ಇನ್ನು ದೀಪ. ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ಮಗು ಮಲಗುವುದಿಲ್ಲ, ಸಣ್ಣ ರಾತ್ರಿ ದೀಪದಲ್ಲಿ ಅಕ್ಷರ ಕಾಣುವುದಿಲ್ಲ. ಹಳದಿ ಬೆಳಕಿನ ಸಣ್ಣ ಎಲ್‌ಇಡಿ ಬಲ್ಬನ್ನು ಹಾಸಿಗೆಯ ತಲೆಯ ಕಡೆ ಗೋಡೆಗೆ ಹಾಕಿಸಿದೆವು. ಎಲೆಕ್ಟ್ರಿಷಿಯನ್ ಕೂಲಿಯೂ ಸೇರಿ ನಾನೂರರ ಒಳಗೆ ಮುಗಿಯಿತು. ಕರೆಂಟು ಹೋದಾಗಿನ ಬಳಕೆಗೆ ಚಾರ್ಜ್ ಮಾಡುವ ಪುಟ್ಟ ದೀಪವೊಂದು. ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಸೊಳ್ಳೆ ಪರದೆ. ಪರದೆಯೊಳಗೆ ಹೊಕ್ಕು ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆಂದರೆ ಅವಳಿಗೆ ಹೊರಗಿನ ಲೋಕ ಮುಗಿಯಿತು. ನೀರು ಬೇಕು, ಬೊಂಬೆ ಬೇಕು ಎಂದು ಎದ್ದು ಓಡುವುದು ನಿಂತಿತು. ಪರದೆ ಎತ್ತಿದರೆ ಸೊಳ್ಳೆ ಬರುತ್ತದೆ ಎಂಬ ಕಾನೂನನ್ನು ಅವಳೇ ಎಲ್ಲರಿಗಿಂತ ಬಿಗಿಯಾಗಿ ಜಾರಿಗೆ ತಂದಳು.

ಈಗ ಆ ಮುಚ್ಚದ ಬಾಗಿಲಿಗೆ ಬರುತ್ತೇನೆ. ಅಮ್ಮನ ಧಾರಾವಾಹಿಗಳು ಎಂಟೂವರೆಗೆ ಶುರುವಾಗಿ ಹತ್ತಕ್ಕೆ ಮುಗಿಯುತ್ತವೆ. ಅಮ್ಮನಿಗೆ ಒಂದು ಕಿವಿ ಮಂದ, ಹಾಗಾಗಿ ಟಿ.ವಿ. ಜೋರು. ನಾನು ಒಳಗೆ ಆಮೆಯ ಕಥೆ ಓದುತ್ತಿದ್ದರೆ ಹೊರಗಿನಿಂದ ಅತ್ತೆ ಸೊಸೆಯನ್ನು ಮನೆಯಿಂದ ಆಚೆ ಹಾಕುವ ಮಾತು ಕೇಳಿಸುತ್ತಿತ್ತು. ಮಗಳು ನನ್ನನ್ನು ತಡೆದು, "ಅವರು ಯಾಕೆ ಅಳುತ್ತಿದ್ದಾರೆ?" ಎನ್ನುತ್ತಿದ್ದಳು. ಹೆಂಡತಿ ಈ ವಿಷಯ ಅತ್ತೆಯ ಹತ್ತಿರ ಎತ್ತುವ ಹಾಗಿರಲಿಲ್ಲ, ನಾನೇ ಎತ್ತಬೇಕು. ಎತ್ತಿದೆ. "ದಿನವೆಲ್ಲ ನಿನ್ನ ಮಗಳ ಹಿಂದೆ ಓಡುತ್ತೇನೆ, ನನಗೂ ಒಂದು ಗಂಟೆ ಬೇಡವೇನೋ?" ಎಂದು ಅಮ್ಮ ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ. ಅಮ್ಮನ ಮಾತು ನ್ಯಾಯವಾದದ್ದೇ. ಈ ವಿಷಯದ ಬಗ್ಗೆ ಸಲಹೆ ಕೊಡುವ ಎಲ್ಲರೂ ಅಪ್ಪ ಅಮ್ಮ ಮಗು ಮೂವರೇ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಾರೆ. ಅಜ್ಜಿಯ ಒಂಬತ್ತು ಗಂಟೆಯೂ ಇದೇ ಮನೆಯಲ್ಲಿದೆ ಎಂಬುದು ಅವರ ಲೆಕ್ಕದಲ್ಲಿಲ್ಲ.

ಬಾಗಿಲನ್ನು ಬಡಗಿಯನ್ನು ಕರೆಸಿ ಹೆರೆಸಿದೆವು. ಮಾಲೀಕರು ಖರ್ಚಿಗೆ ಒಪ್ಪಲಿಲ್ಲ, ನಾವೇ ಕೊಟ್ಟೆವು. ಅಮ್ಮನಿಗೆ ತಂತಿಯಿಲ್ಲದ ಇಯರ್‌ಫೋನ್ ತಂದರೆ ಕಿವಿ ನೋಯುತ್ತದೆ ಎಂದು ಎರಡನೆಯ ದಿನವೇ ತೆಗೆದಿಟ್ಟರು. ದಾರಿ ತೆರೆದದ್ದು ತಾನಾಗಿಯೇ. ಒಂದು ರಾತ್ರಿ ರೈಲು ದಾರಿಯಲ್ಲಿ ನಿಂತು ನಾನು ತಡವಾದೆ, ಹೆಂಡತಿ ಉತ್ತರ ಪತ್ರಿಕೆಗಳ ರಾಶಿಯಲ್ಲಿ ಮುಳುಗಿದ್ದಳು, ಅಮ್ಮ ಮಗುವಿನ ಜೊತೆ ಪರದೆಯೊಳಗೆ ಸೇರಿದರು. ಅಮ್ಮ ನಾಲ್ಕನೆಯ ತರಗತಿಯವರೆಗೆ ಓದಿದವರು, ಕನ್ನಡಕ ಹಾಕಿಕೊಂಡರೂ ಸಣ್ಣ ಅಕ್ಷರ ಮಸುಕು. ಪುಸ್ತಕದ ಚಿತ್ರ ಹಿಡಿದುಕೊಂಡು ತಮ್ಮದೇ ಕಥೆ ಹೇಳಿದ್ದಾರೆ. ಚಿತ್ರದಲ್ಲಿದ್ದದ್ದು ಬಾವಿಯ ಕಟ್ಟೆಯ ಮೇಲೆ ಕೂತ ಕಾಗೆ. ಅಮ್ಮನ ಕಥೆಯಲ್ಲಿ ಅದು ನಮ್ಮ ಊರಿನ ತೋಟದ ಬಾವಿ, ಕಾಗೆ ನನ್ನ ಚಿಕ್ಕಪ್ಪನ ಕೈಯಿಂದ ರೊಟ್ಟಿ ಕಿತ್ತುಕೊಂಡ ಕಾಗೆ. ಮಾರನೆಯ ರಾತ್ರಿ ನಾನು ಅದೇ ಪುಸ್ತಕವನ್ನು ಅಚ್ಚಾದ ಹಾಗೆ ಓದಲು ಹೋದರೆ ಮಗಳು ಪುಸ್ತಕ ಮುಚ್ಚಿದಳು. "ಇದು ಅಜ್ಜಿಯದು. ಅಜ್ಜಿ ಬರಲಿ."

ಅಜ್ಜಿ ಬಂದರು. ಆ ಮೇಲೆ ಸರದಿ ಗೊತ್ತಾಯಿತು. ಮೊದಲು ಪುಸ್ತಕ, ನಮ್ಮಲ್ಲಿ ಯಾರಾದರೊಬ್ಬರು. ದೀಪ ತೆಗೆದ ಮೇಲೆ ಅಜ್ಜಿಯ ಕಥೆ. ಒಂಬತ್ತರ ಧಾರಾವಾಹಿ ಮಾರನೆಯ ಮಧ್ಯಾಹ್ನ ಮತ್ತೆ ಬರುತ್ತದೆ, ಅಮ್ಮ ಅದನ್ನು ಮಗಳು ಮಲಗಿದ ಹೊತ್ತಿನಲ್ಲಿ ನೋಡುತ್ತಾರೆ. ಇದು ಎಷ್ಟು ದಿನ ನಡೆಯುತ್ತದೋ ಎಂದಿದ್ದೆ, ನಡೆಯುತ್ತಿದೆ. ವಾರಕ್ಕೊಮ್ಮೆ ಧಾರಾವಾಹಿಯ ಕಥೆ ಬಿಗಿಯಾದಾಗ ಅಮ್ಮ ಬರುವುದಿಲ್ಲ. ಅದು ಅವರ ರಜೆ.

ನನ್ನ ರೈಲಿನ ತಾಪತ್ರಯಕ್ಕೂ ಒಂದು ಏರ್ಪಾಡು ಬೇಕಾಯಿತು. ತುಮಕೂರಿಗೆ ಹಿಂದಿನ ನಿಲ್ದಾಣವಾದ ಕ್ಯಾತ್ಸಂದ್ರ ದಾಟಿದಾಗ ನಾನು ಮನೆಗೆ ಫೋನ್ ಮಾಡುತ್ತೇನೆ. ಆಗ ಅವಳಿಗೆ ಹಲ್ಲುಜ್ಜಿಸಿ, ಬಟ್ಟೆ ಬದಲಿಸುತ್ತಾರೆ. ನಾನು ನಿಲ್ದಾಣದಿಂದ ಸೀದಾ ಬಂದು, ಕೈಕಾಲು ತೊಳೆದು, ಊಟಕ್ಕೆ ಮುಂಚೆಯೇ ಓದುತ್ತೇನೆ. ಹಸಿದ ಹೊಟ್ಟೆಯಲ್ಲಿ ಕರಡಿ ಜೇನು ತಿನ್ನುವ ಪುಟ ಓದುವುದು ಸುಖವಲ್ಲ, ಆದರೆ ಉಂಡು ಓದಿದರೆ ಮೊದಲು ನಿದ್ದೆ ಬರುವುದು ನನಗೇ. ಅದಕ್ಕೂ ಮುಂಚೆ ಸಿಗುವ ದಾಬಸ್‌ಪೇಟೆಯಲ್ಲೇ ಎಂಟೂಮುಕ್ಕಾಲು ಆಗಿದ್ದರೆ ನನಗಾಗಿ ಕಾಯುವ ಹಾಗಿಲ್ಲ ಎಂದು ಮಾತಾಗಿದೆ. ಇಲ್ಲಿ ಬಂದ ತಕರಾರು ಬೇರೆ: ಹೆಂಡತಿ ಓದಿದರೆ "ಅಪ್ಪ ಹೀಗೆ ಓದುವುದಿಲ್ಲ" ಎಂಬ ಹಟ. ಹುಲಿಗೆ ನಾನು ಕೊಡುವ ಗೊಗ್ಗರು ದನಿ ಅವಳಿಗೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಪುಸ್ತಕಗಳನ್ನೇ ಎರಡು ಬುಟ್ಟಿ ಮಾಡಿದೆವು, ಅಪ್ಪನವು ಒಂದರಲ್ಲಿ, ಅಮ್ಮನವು ಒಂದರಲ್ಲಿ. ಒಬ್ಬರ ಪುಸ್ತಕ ಇನ್ನೊಬ್ಬರು ಮುಟ್ಟುವುದಿಲ್ಲ. ಹಟ ಹೋಯಿತು.

ಪುಸ್ತಕದ ಕನ್ನಡವೇ ಬೇರೆ, ಮನೆಯಲ್ಲಿ ನಾವಾಡುವ ಕನ್ನಡವೇ ಬೇರೆ. ಹೊಸ ಪುಸ್ತಕವನ್ನು ಮೊದಲ ಕೆಲವು ಸಲ ಮನೆಮಾತಿಗೆ ಇಳಿಸಿ ಹೇಳುತ್ತೇವೆ. ಕಥೆ ಪರಿಚಯವಾದ ಮೇಲೆ ಅಚ್ಚಾದ ಹಾಗೆ ಓದಿದರೆ ಅವಳಿಗೆ ಅದೊಂದು ಆಟ. ಒಮ್ಮೆ ಬಾಯಿಪಾಠವಾಯಿತೆಂದರೆ ಮಾತ್ರ ಒಂದು ಸಾಲನ್ನೂ ಹಾರಿಸಲು ಬಿಡುವುದಿಲ್ಲ. ಒಂದೇ ಪುಸ್ತಕವನ್ನು ವಾರಗಟ್ಟಲೆ ಕೇಳಿಸಿಕೊಳ್ಳುವ ಕಾಲ ಎಲ್ಲ ಮನೆಗಳಿಗೂ ಬರುತ್ತದೆ. ನಮಗೆ ಬಂದದ್ದು ಮಳೆಯಲ್ಲಿ ನೆನೆಯುವ ನಾಯಿಮರಿಯ ಪುಸ್ತಕ. ಅದರ ನಡುವಿನ ಎರಡು ಪುಟ ಪೂರ್ತಿ ಮಳೆ, ಅಡ್ಡಗೆರೆಗಳ ನೀಲಿ ಮಳೆ, ಮೂಲೆಯಲ್ಲಿ ಕಿವಿ ಜೋತುಬಿದ್ದ ಮರಿ. ಆ ಪುಟ ಬಂದಾಗಲೆಲ್ಲ ಅವಳು ಹೊದಿಕೆಯನ್ನು ಎಳೆದು ಪುಸ್ತಕದ ಆ ಮೂಲೆಯ ಮೇಲೆ ಹೊದಿಸುತ್ತಾಳೆ, ಅಂಗೈಯಿಂದ ಒತ್ತುತ್ತಾಳೆ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಒಣಗಿತೇ ಎಂದು ಮುಟ್ಟಿ ನೋಡುತ್ತಾಳೆ. ಒಣಗಿಲ್ಲ. ಮತ್ತೆ ಹೊದಿಸುತ್ತಾಳೆ. ಅಷ್ಟು ಹೊತ್ತು ನಾನು ಓದುವ ಹಾಗಿಲ್ಲ. ಬೇಸರವಾಗುತ್ತದೆಯೇ ಎಂದರೆ ಆಗುತ್ತದೆ. ಪುಸ್ತಕ ಬಚ್ಚಿಡುವ ಯೋಚನೆ ಬಂದರೆ ಬಿಡಿ, ಹುಡುಕುತ್ತ ಹತ್ತು ಗಂಟೆಯಾಗುತ್ತದೆ.

ಓದುವಾಗ ಪ್ರಶ್ನೆ ಕೇಳಿ ಮಗುವಿನಿಂದಲೇ ಕಥೆ ಹೇಳಿಸಬೇಕು ಎಂಬ ವಿಧಾನವೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಅದರ ಬಗ್ಗೆ ಬರೆದರು, ಹಾಗೆ ಓದಿದ ಮನೆಗಳ ಮಕ್ಕಳ ಮಾತು ಚುರುಕಾದದ್ದನ್ನು ತೋರಿಸಿದರು. ಶಿಕ್ಷಕಿಯಾದ ಹೆಂಡತಿಗೆ ಇದು ಅಚ್ಚುಮೆಚ್ಚು. ಹಗಲಿಗೆ ನನ್ನದೂ ಒಪ್ಪಿಗೆ. ರಾತ್ರಿ ಒಂಬತ್ತಕ್ಕೆ ಮಾತ್ರ ಬೇಡ. "ನಾಯಿಮರಿ ಎಲ್ಲಿಗೆ ಹೋಗಿರಬಹುದು?" ಎಂದು ಕೇಳಿದರೆ ನಮ್ಮವಳು ಹಾಸಿಗೆಯ ಮೇಲೆ ಎದ್ದು ನಿಂತು ಉತ್ತರ ಕೊಡುತ್ತಾಳೆ, ಆಮೇಲೆ ಅರ್ಧ ಗಂಟೆ ನಿದ್ದೆಯಿಲ್ಲ. ಶಿಶುವಿಹಾರದಿಂದ ಅಕ್ಷರ ತಿದ್ದುವ ಮನೆಗೆಲಸ ಬರತೊಡಗಿದಾಗ ಪುಸ್ತಕದಲ್ಲಿ ಆ ಅಕ್ಷರ ಹುಡುಕಿಸೋಣ ಎಂಬ ಮಾತು ಮನೆಯಲ್ಲಿ ಬಂತು. ಅದಕ್ಕೂ ಒಪ್ಪಲಿಲ್ಲ. ಸೊಳ್ಳೆ ಪರದೆಯೊಳಗೆ ಪಾಠವಿಲ್ಲ.

ಏರ್ಪಾಡು ಕೆಡುವ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಗೌರಿ ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಹಜಾರದಲ್ಲಿ ಸಾಲಾಗಿ ಹಾಸಿಗೆ, ಹತ್ತಾರು ಮಕ್ಕಳು, ರಾತ್ರಿ ಹನ್ನೆರಡಾದರೂ ಗಲಾಟೆ. ಅಲ್ಲಿ ಒಂಬತ್ತು ಗಂಟೆಯ ಕಾನೂನು ಹೇರಲು ಹೋದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಒಂದೇ ಒಂದು ಪುಸ್ತಕ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆವು. ಗಂಟೆ ಎಷ್ಟೇ ಆಗಲಿ, ಮಲಗುವ ಮುಂಚೆ ಆ ಒಂದು ಪುಸ್ತಕ. ಅದನ್ನು ಕೇಳಲು ಉಳಿದ ಮಕ್ಕಳೂ ಬಂದು ಕೂತರು. ವಾಪಸು ಬಂದ ಮೇಲೆ ಹಳೆಯ ಹೊತ್ತಿಗೆ ಮರಳಲು ಒಂದು ವಾರ ಬೇಕಾಯಿತು. ಜ್ವರ ಬಂದಾಗ ಮಾತ್ರ ಎಷ್ಟು ಕೇಳಿದರೂ ಓದಿದೆವು. ಇನ್ನೊಂದು: ಹುಲಿ ಕರುವನ್ನು ಹಿಡಿಯುವ ಕಥೆಯೊಂದು ಹಗಲು ಅವಳಿಗೆ ಬಹಳ ಇಷ್ಟ, ರಾತ್ರಿ ಓದಿದರೆ ಎರಡು ಗಂಟೆಗೆ ಚೀರಿಕೊಂಡು ಏಳುತ್ತಿದ್ದಳು. ಅಂಥ ಪುಸ್ತಕಗಳು ಹಾಲ್‌ನ ಕಪಾಟಿಗೆ ಹೋದವು. ರಾತ್ರಿಯ ಬುಟ್ಟಿಯಲ್ಲಿ ಕೊನೆಗೆ ಎಲ್ಲರೂ ಮಲಗುವ ಇಲ್ಲವೇ ಮನೆ ಸೇರುವ ಕಥೆಗಳೇ ಇರಲಿ.

ಬರುವ ಜೂನ್‌ನಿಂದ ಅವಳ ಶಾಲೆ ಎಂಟೂವರೆಗೆ. ಅಂದರೆ ಇಷ್ಟು ಕಷ್ಟಪಟ್ಟು ಹಿಡಿದ ಒಂಬತ್ತು ಗಂಟೆ ಎಂಟೂವರೆಯಾಗಬೇಕು. ವಾರಕ್ಕೆ ಐದೈದು ನಿಮಿಷ ಹಿಂದಕ್ಕೆ ಸರಿಸುತ್ತ ಬರುತ್ತಿದ್ದೇವೆ, ಮಗಳಿಗೆ ಗೊತ್ತೇ ಆಗಿಲ್ಲ. ಆದರೆ ರೈಲು ನನಗಾಗಿ ಬೇಗ ಹೊರಡುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಸರದಿ ತಪ್ಪುತ್ತದೆ. ಕಚೇರಿಯಲ್ಲಿ ಅರ್ಧ ಗಂಟೆ ಮುಂಚೆ ಬಂದು ಮುಂಚೆ ಹೊರಡಲು ಅನುಮತಿ ಕೇಳಿ ಪತ್ರ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಬಾರದಿದ್ದರೆ ಅಪ್ಪನ ಬುಟ್ಟಿ ಶನಿವಾರ ಭಾನುವಾರಕ್ಕೆ, ಉಳಿದ ದಿನ ಅಮ್ಮನ ಬುಟ್ಟಿ ಮತ್ತು ಅಜ್ಜಿ ಎಂದು ತೀರ್ಮಾನವಾಗಿದೆ. ಅಮ್ಮ ಒಂದು ಷರತ್ತು ಹಾಕಿದ್ದಾರೆ: ಎಂಟೂವರೆಗೆ ಬರುವ ಧಾರಾವಾಹಿ ಮಧ್ಯಾಹ್ನ ಮರುಪ್ರಸಾರ ಆಗುತ್ತದೆಯೋ ಇಲ್ಲವೋ ಎಂದು ನಾನು ಮೊದಲು ವಿಚಾರಿಸಿ ಹೇಳಬೇಕು.